ಎಡಮುರಿ ಶಂಖದ ನಲವತ್ತು ಥಾನು

"ಗುರುಗಳೇ, ತನ್ನ ಕೆಲಸದ ಬಗ್ಗೆ ಹೆಮ್ಮೆ ಪಡುವುದು ತಪ್ಪೇ?" ಎಂದು ಶಿಷ್ಯನೊಬ್ಬ ಕೇಳಿದ. ಮಠದಲ್ಲಿ ಅವನಷ್ಟು ಅಂದವಾಗಿ ಓಲೆ ಬರೆಯುವವರು ಬೇರೆ ಇರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಗುರುಗಳು ನಕ್ಕು ಈ ಕತೆ ಹೇಳಿದರು.

ಹೊಳೆದಂಡೆಯ ಒಂದು ಊರಿನಲ್ಲಿ ತಂಗೆವ್ವ ಎಂಬ ಹೆಂಗಸು ಬಟ್ಟೆಗೆ ಅಚ್ಚು ಹಾಕಿ ಬದುಕುತ್ತಿದ್ದಳು. ಅವಳ ಅತ್ತೆ, ಅತ್ತೆಯ ಅತ್ತೆ ಅದೇ ಕೆಲಸ ಮಾಡಿದವರು. ಅವಳು ಹಾಕಿದ ಬಣ್ಣ ಬಿಡುತ್ತಿರಲಿಲ್ಲ. ಒಂದು ಅಚ್ಚು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಎಷ್ಟು ಹತ್ತಿರದಿಂದ ನೋಡಿದರೂ ತಿಳಿಯುತ್ತಿರಲಿಲ್ಲ. ಹೆಮ್ಮೆ ಅವಳಿಗೆ ಇತ್ತು, ಬೇಕಾದಷ್ಟು ಇತ್ತು. ಹಿಂದಿನ ಓಣಿಯ ಅಚ್ಚಿನವರ ಬಟ್ಟೆ ಕಂಡು ದಿನಕ್ಕೊಮ್ಮೆ ಮೂಗು ಮುರಿಯದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಒಬ್ಬ ಸಾಹುಕಾರ ಮಗಳ ಮದುವೆಯ ಚಪ್ಪರಕ್ಕೆಂದು ನಲವತ್ತು ಥಾನು ಬಟ್ಟೆ ಹೇಳಿದ. ಮೈತುಂಬ ಕೆಂಪು ಬಲಮುರಿ ಶಂಖಗಳಿರಬೇಕು. ಶುಭಕಾರ್ಯಕ್ಕೆ ಬಲಕ್ಕೆ ಸುತ್ತಿದ ಶಂಖವೇ ಆಗಬೇಕೆಂಬುದು ಆ ಮನೆತನದ ನಂಬಿಕೆ.

ಅಚ್ಚು ಕೆತ್ತಲು ಊರಿನಲ್ಲಿ ಬಡಗಿ ಇದ್ದ. ಇಂಥ ಶಂಖ ಅವನ ಕೈಯಲ್ಲಿ ಎಲ್ಲಾದೀತು ಎಂದು ತಂಗೆವ್ವ ತಾನೇ ಉಳಿ ಹಿಡಿದಳು. ಮರದ ಮೇಲೆ ಬಲಮುರಿಯನ್ನೇ ಕೆತ್ತಿದಳು. ಮರದಲ್ಲಿ ಬಲಕ್ಕಿದ್ದದ್ದು ಬಟ್ಟೆಯಲ್ಲಿ ಎಡಕ್ಕೆ ಬೀಳುತ್ತದೆ. ಬಡಗಿಯಾಗಿದ್ದರೆ ತಿರುಗಿಸಿ ಕೆತ್ತುತ್ತಿದ್ದ. ಜನ್ಮವೆಲ್ಲ ಅಚ್ಚು ಒತ್ತಿದವಳಿಗೆ ಅಂದು ಅಷ್ಟು ಹೊಳೆಯಲಿಲ್ಲ.

ಒತ್ತುವಾಗಲಾದರೂ ಕಾಣಬಹುದಿತ್ತು. ಆದರೆ ಕೆಂಪು ಬೇಕಾದ ಕಡೆ ಮೊದಲು ಒತ್ತುವುದು ಪಟಿಕದ ನೀರನ್ನು. ಅದಕ್ಕೆ ಬಣ್ಣವೇ ಇಲ್ಲ. ಆಮೇಲೆ ಮಂಜಿಷ್ಠದ ಬೇರಿನೊಂದಿಗೆ ಕುದಿಸಿದಾಗ ಪಟಿಕ ತಾಗಿದಲ್ಲೆಲ್ಲ ಕೆಂಪು ಏಳುತ್ತದೆ. ಒತ್ತಿದ್ದು ಕಣ್ಣಿಗೆ ಕಾಣಲೆಂದು ಎಲ್ಲರೂ ಪಟಿಕಕ್ಕೆ ಚಿಟಿಕೆ ಕಾವಿ ಬೆರೆಸುತ್ತಾರೆ. ತಂಗೆವ್ವ ಬೆರೆಸುತ್ತಿರಲಿಲ್ಲ. ಕಾವಿ ಕೈ ನಡುಗುವವರಿಗೆ ಎನ್ನುತ್ತಿದ್ದಳು.

ನಲವತ್ತು ಥಾನೂ ಒತ್ತಿಯಾಯಿತು. ಮೊದಲನೆಯದು ಕೊಪ್ಪರಿಗೆಯಿಂದ ಮೇಲೆ ಬಂದಾಗ ತಂಗೆವ್ವನಿಗೆ ತನ್ನ ತಪ್ಪು ಕಂಡಿತು. ಪಟಿಕ ಹಿಡಿದ ಬಟ್ಟೆಯನ್ನು ತೊಳೆದು ಮತ್ತೆ ಒತ್ತಲು ಬರುವುದಿಲ್ಲ. ಉಳಿದವನ್ನೂ ಕುದಿಸಿ ಹೊಳೆಯ ಮರಳಿನ ಮೇಲೆ ಹರವಿದಳು. ದಂಡೆಯ ಉದ್ದಕ್ಕೂ ಸಾವಿರಾರು ಶಂಖ, ಒಂದೊಂದೂ ಎಡಮುರಿ.

ಸಾಹುಕಾರ ಬಂದು ನೋಡಿದ. ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. "ಆಗಿದ್ದು ಆಗಿಹೋತು, ತಂಗೆವ್ವ. ಇವನ್ನೆಲ್ಲಾ ಕರೀ ಬಣ್ಣದಾಗ ಅದ್ದಿಬಿಡು. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ. ನಿನ್ನ ಹೆಸರು ಉಳೀತೈತಿ. ನನಗ ಬ್ಯಾರೆ ಮಾಡಿಕೊಡು" ಎಂದ.

ತಂಗೆವ್ವ ಆಗಲಿ ಎಂದು ತಲೆಯಾಡಿಸಿದಳು. ಮೂರು ತಲೆಮಾರಿನ ಹೆಸರು. ಸುದ್ದಿ ಹೊರಬಿದ್ದರೆ ಹಿಂದಿನ ಓಣಿಯವರು ಬಿದ್ದು ಬಿದ್ದು ನಗುತ್ತಾರೆ, ನಾಳೆಯಿಂದ ಗಿರಾಕಿಗಳು ಅವರ ಬಾಗಿಲಿಗೇ ಹೋಗುತ್ತಾರೆ. ಕರಿ ಬಣ್ಣದ ಹಂಡೆ ತುಂಬಿಸಿ ಮೊದಲ ಥಾನನ್ನು ಎತ್ತಿದಳು. ಅದ್ದುವ ಮುನ್ನ ಒಮ್ಮೆ ಬಿಡಿಸಿ ನೋಡಿದಳು. ಅಂಥ ಕೆಂಪು ಅವಳ ಅತ್ತೆಗೂ ಬಂದಿರಲಿಲ್ಲ. ಒಂದು ಶಂಖವೂ ಸಾಲು ತಪ್ಪಿರಲಿಲ್ಲ, ಒಂದು ಅಂಚೂ ಕದಡಿರಲಿಲ್ಲ. ಇಷ್ಟು ಅಚ್ಚುಕಟ್ಟಾದ ತಪ್ಪನ್ನು ಅವಳು ಎಂದೂ ಕಂಡಿರಲಿಲ್ಲ. ನಾಚಿಕೆಯಿಂದ ಕಣ್ಣು ತುಂಬಿತು, ಎದೆಯೂ ಉಬ್ಬಿತು. ಹಂಡೆಯನ್ನು ಚರಂಡಿಗೆ ಚೆಲ್ಲಿ ಒಳಗೆ ಹೋದಳು.

ಅಚ್ಚಿನವರಲ್ಲಿ ಒಂದು ಪದ್ಧತಿ ಉಂಟು. ಸರಿಬಂದ ಥಾನಿನ ತುದಿಗೆ ಮನೆತನದ ಗುರುತು ಒತ್ತುತ್ತಾರೆ. ಕೆಟ್ಟದ್ದಕ್ಕೆ ಒತ್ತುವುದಿಲ್ಲ, ಗುರುತಿಲ್ಲದ ಬಟ್ಟೆಗೆ ಯಾರೂ ಹೊಣೆಯಲ್ಲ. ತಂಗೆವ್ವನ ಮನೆಯ ಗುರುತು ಒಂದು ಜೋಳದ ತೆನೆ. ಆ ಪುಟ್ಟ ಅಚ್ಚನ್ನು ಹೊರಗೆ ತಂದಳು, ಜೊತೆಗೆ ಕತ್ತರಿಯನ್ನೂ ತಂದಳು.

ಸಾಹುಕಾರನಿಗೆ ಬೇರೆ ಬಟ್ಟೆ ಆಯಿತು. ಈ ಸಲ ಬಡಗಿ ಕೆತ್ತಿದ, ತಂಗೆವ್ವ ಕಾವಿ ಬೆರೆಸಿದಳು. ಆ ಬಲಮುರಿ ಶಂಖಗಳು ಮದುವೆ ನೋಡಿ ಪೆಟ್ಟಿಗೆ ಸೇರಿದವು.

ಎಡಮುರಿಯ ಕೆಲಸ ಆಮೇಲೆ ಸುಮಾರು ದಿನ ನಡೆಯಿತು. ಮೊದಲು ಕೌದಿಗಳನ್ನು ಹೊಲಿದಳು. ಎಂಟು ಕೌದಿ ಹೊಲಿದರೂ ರಾಶಿ ಕರಗಿದಂತೆ ಕಾಣಲಿಲ್ಲ. ಹಸುಗೂಸುಗಳ ತಲೆಗೆ ಹೊದಿಸುವ ಕುಂಚಿಗೆ ಮಾಡಿದಳು, ಬಾಣಂತಿಯರಿಗೆ ತಲೆಗೆ ಕಟ್ಟುವ ಬಟ್ಟೆ ಕೊಟ್ಟಳು. ಯಾರದೋ ಎತ್ತುಗಳ ಬೆನ್ನಿಗೆ ಝೂಲ ಆಯಿತು. ಬಯಲಾಟದವರು ಬಂದು ಪರದೆಗೆಂದು ಏಳು ಥಾನು ಒಟ್ಟಿಗೇ ಹೊತ್ತುಕೊಂಡು ಹೋದರು. ಹಿಂದಿನ ಓಣಿಯ ಮುದುಕಿಯೊಬ್ಬಳು ನಗಲೆಂದೇ ಬಂದವಳು, ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ನಗುವುದನ್ನು ಬಿಟ್ಟು ರೊಟ್ಟಿಬುತ್ತಿ ಕಟ್ಟುವ ಚೌಕ ಹೇಗೆ ಮಡಿಚಿ ಹೊಲಿಯಬೇಕೆಂದು ತೋರಿಸಿಕೊಟ್ಟಳು. ಅಂಗೈಯಗಲದ ತುಂಡುಗಳಿಂದ ಎಲೆಅಡಿಕೆಯ ಸಂಚಿಗಳಾದವು. ಅದಕ್ಕೂ ಸಾಲದ ಚೂರುಗಳನ್ನು ಉಂಡೆ ಕಟ್ಟಿದಾಗ ಮಕ್ಕಳ ಕೈಗೆ ಚೆಂಡಾಯಿತು. ಕೌದಿಯಿಂದ ಸಂಚಿಯವರೆಗೆ ಎಲ್ಲದರ ಮೂಲೆಯಲ್ಲೂ ಜೋಳದ ತೆನೆ ಇತ್ತು.

ಇದೇನು ಶಂಖ ತಿರುವುಮುರುವಾಗಿದೆ ಎಂದು ಕೇಳದವರಿಲ್ಲ. ಎಲ್ಲರಿಗೂ ಅವಳದು ಒಂದೇ ಮಾತು: "ತಪ್ಪು ನಂದು. ಬಣ್ಣಾನೂ ನಂದು."

ನಗುವವರು ನಕ್ಕರು. ವಾರ ಕಳೆಯುವಷ್ಟರಲ್ಲಿ ಅವರಿಗೂ ಬೇಸರ ಬಂತು. ಎರಡು ವರ್ಷದ ಮೇಲೆ ಸಾಹುಕಾರನ ಮಗಳು ಹೆರಿಗೆಗೆಂದು ತವರಿಗೆ ಬಂದಳು. ಓಣಿಯ ಕೂಸುಗಳ ತಲೆಯ ಮೇಲಿದ್ದ ಕೆಂಪು ಕುಂಚಿಗೆ ಕಂಡು ತನ್ನ ಕೂಸಿಗೂ ಅದೇ ಬೇಕೆಂದು ಹಟ ಹಿಡಿದಳು. ಸಾಹುಕಾರ ತಾನೇ ತಂಗೆವ್ವನ ಬಾಗಿಲಿಗೆ ಬಂದು ಎಡಮುರಿ ಬಟ್ಟೆ ಒಂದು ತುಂಡಾದರೂ ಇದೆಯೇ ಎಂದು ಕೇಳಿದ.

"ಎಲ್ಲಾ ಮುಗದೈತ್ರೀ, ಸಾಹುಕಾರ್ರ" ಎಂದಳು ತಂಗೆವ್ವ. "ಬೇಕಂತ ತಪ್ಪು ಮಾಡಾಕ ನನಗ ಬರೂದಿಲ್ಲ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಕೆಟ್ಟ ಬಟ್ಟೆಗೆ ಗುರುತು ಒತ್ತಿ ಅವಳು ಮನೆತನದ ಹೆಸರನ್ನೇ ಪಣಕ್ಕಿಟ್ಟಳಲ್ಲ ಗುರುಗಳೇ?" ಎಂದ.

"ಸರಿಬಂದ ಬಟ್ಟೆಗೆ ಮೂರು ತಲೆಮಾರು ಒತ್ತಿದ್ದು ಬರಿಯ ಜೋಳದ ತೆನೆ, ಮಗು; ಅದು ಹೆಸರಾದದ್ದು ಕೆಟ್ಟ ಬಟ್ಟೆಗೂ ಒತ್ತಿದ ಆ ದಿನ."