ಕಾಶವ್ವನ ಕುಳಿ

ಹಂಚಿನಪೇಟೆಯ ಹಳೆಯ ಥಿಯೇಟರಿನಲ್ಲಿ ಈಗ ನಾಟಕವಿಲ್ಲ, ಪುಸ್ತಕಗಳಿವೆ. ಪ್ರೇಕ್ಷಕರು ಕೂರುತ್ತಿದ್ದ ನೆಲದ ಮೇಲೆ ಕಪಾಟುಗಳು ನಿಂತಿವೆ. ಹೆಂಗಸರ ಬಾಲ್ಕನಿಯ ತುಂಬ ಕಾದಂಬರಿಗಳು, ನಟರು ವೇಷ ಕಟ್ಟುತ್ತಿದ್ದ ಬಣ್ಣದ ಕೋಣೆಯಲ್ಲಿ ಮಕ್ಕಳ ಪುಸ್ತಕಗಳು, ಛಾವಣಿಯ ಮೇಲೆ ಹಳೆಯ ಗಂಧರ್ವರು ಇನ್ನೂ ಹೂ ಚೆಲ್ಲುತ್ತಲೇ ಇದ್ದಾರೆ. ಅರಮನೆಯಂಥ ಈ ಅಂಗಡಿಯ ಹೆಸರು ಮಾತ್ರ ‘ಕಾಶವ್ವನ ಕುಳಿ’. ಕುಳಿ ಎಂದರೆ ರಂಗದ ಮುಂದಿನ ಅಂಚಿನಲ್ಲಿ, ಮರದ ಮುಚ್ಚಿಗೆಯ ಮರೆಯಲ್ಲಿರುವ ಸೊಂಟದಾಳದ ಗುಂಡಿ. ನಟರಿಗೆ ಮಾತು ಹೇಳಿಕೊಡುವವರು ಅದರೊಳಗೆ ಕೂರುತ್ತಿದ್ದರು. ಇಂಥ ಕಟ್ಟಡಕ್ಕೆ ಒಂದು ಗುಂಡಿಯ ಹೆಸರೇ ಎಂದು ಮೊದಲ ಸಲ ನಾನೂ ನಕ್ಕವನೇ. ಈ ಥಿಯೇಟರ್ ಕಟ್ಟಿಸಿದ ಅಡಿವೆಪ್ಪ ಮಾಸ್ತರರು ನನ್ನ ಅಜ್ಜ. ಬೆಳಗಾವಿಯಲ್ಲಿ ಬೆಳೆದ ನಾನು ಎಪ್ಪತ್ತು ದಾಟಿದ ಮೇಲೆ, ಅಜ್ಜನ ವೈಭವ ತೋರಿಸುತ್ತೇನೆಂದು ಹಿಗ್ಗಿನಿಂದ ಹೆಂಡತಿಯನ್ನೂ ಮಗಳು ವನಮಾಲೆಯನ್ನೂ ಕರೆದುಕೊಂಡು ಹೋಗಿದ್ದೆ. ನಾವು ಯಾರೆಂದು ಹೇಳುವ ಮೊದಲೇ ಅಂಗಡಿಯ ಹಿರಿಯರಾದ ಮಲ್ಲೇಶಪ್ಪನವರು, ಬಂದವರಿಗೆಲ್ಲ ಹೇಳುವಂತೆ, ಹೆಸರಿನ ಕಥೆ ಶುರು ಮಾಡಿದರು.

ಹಿಂದೆ ಒಮ್ಮೆ, ಈ ಊರಿಗೆ ಕರೆಂಟು ಬರುವ ಮೊದಲು, ಅಡಿವೆಪ್ಪ ಮಾಸ್ತರರ ಕಂಪನಿಯಲ್ಲಿ ಕಾಶವ್ವ ಎಂಬ ಹೆಣ್ಣುಮಗಳಿದ್ದಳಂತೆ. ಶಾಲೆ ಮಾಸ್ತರರ ಮಗಳು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ವೇಷಭೂಷಣ ಹೊಲಿಯಲು ಬಂದವಳು. ಓದು ಬರಹ ಬಲ್ಲಳೆಂದು ಅವಳನ್ನು ಕುಳಿಗೆ ಇಳಿಸಿದರು. ಅಡಿವೆಪ್ಪ ಮಾಸ್ತರರು ವಾರಕ್ಕೆ ಮೂರು ನಾಟಕ ಆಡುವವರು, ಮಾತು ಬಾಯಿಪಾಠ ಮಾಡುವ ಅಭ್ಯಾಸವೇ ಇರಲಿಲ್ಲ. ಕೆಳಗಿನಿಂದ ಕಾಶವ್ವ ಪಿಸುಗುಟ್ಟಬೇಕು, ಮೇಲೆ ಮಾಸ್ತರರು ಗುಡುಗಬೇಕು. ಕಿವಿಗೆ ಬಿದ್ದದ್ದು ಬುದ್ಧಿಗೆ ಮುಟ್ಟುವ ಮೊದಲೇ ಬಾಯಿಂದ ಹೊರಟಿರುತ್ತಿತ್ತು ಎನ್ನುತ್ತಾರೆ. ಹೇಳಿಕೊಡುತ್ತ ಹೇಳಿಕೊಡುತ್ತ ಕಾಶವ್ವ ತಾನೇ ಒಂದು ನಾಟಕ ಬರೆದಳು. ನಿರಪರಾಧಿ ರಾಣಿಯನ್ನು ಕಾಡಿಗಟ್ಟಿದ ಅರಸನೊಬ್ಬ ತುಂಬಿದ ಸಭೆಯಲ್ಲಿ ತಪ್ಪೊಪ್ಪಿಕೊಳ್ಳುವ ಕಥೆ. ಜನ ಮುಗಿಬಿದ್ದರು. ಜಾಹೀರಾತಿನಲ್ಲಿ ಕರ್ತೃವಿನ ಹೆಸರು ಅಡಿವೆಪ್ಪ ಮಾಸ್ತರರದು. ಅದಕ್ಕೂ ಅವಳು ಸುಮ್ಮನಿದ್ದಳು. ನಾಟಕ ಪುಸ್ತಕವಾಗಿ ಅಚ್ಚಿಗೆ ಹೋಗುತ್ತದೆಂದು ತಿಳಿದಾಗ ಮಾತ್ರ, ಅದರ ಮೇಲಾದರೂ ತನ್ನ ಹೆಸರು ಹಾಕಿಸಿರೆಂದು ಕೇಳಿದಳಂತೆ. “ಕುಳಿಯಾಗ ಕುಂತವರ ಹೆಸರು ಯಾರಿಗೆ ಬೇಕಾಗೇತಿ?” ಎಂದು ಮಾಸ್ತರರು ಮೀಸೆ ತಿದ್ದಿಕೊಳ್ಳುತ್ತ ಬಣ್ಣದ ಕೋಣೆಗೆ ನಡೆದರು.

ಆ ಸಂಜೆಯ ಆಟಕ್ಕೆ ಕಾಲಿಡಲು ಜಾಗವಿರಲಿಲ್ಲ. ಸಭೆಯ ದೃಶ್ಯ ಬಂತು. ಮಾಸ್ತರರು ಕಿರೀಟ ತೆಗೆದು ಎದೆಯ ಮೇಲೆ ಕೈಯಿಟ್ಟು ಕಾದರು. ಕಾಶವ್ವ ಹಸ್ತಪ್ರತಿ ಮುಚ್ಚಿಟ್ಟು ತನ್ನ ಮಾತು ಪಿಸುಗುಟ್ಟಿದಳು. ಮಾಸ್ತರರು ರೂಢಿಯಂತೆ ಗುಡುಗಿದರು: “ಈ ತುಂಬಿದ ಸಭೆಯ ಮುಂದೆ ಒಪ್ಪಿಕೊಳ್ಳುತ್ತೇನೆ. ನಾನಾಡಿದ ಮಾತುಗಳಲ್ಲಿ ಒಂದೂ ನನ್ನದಲ್ಲ. ಎಲ್ಲವನ್ನೂ ಬರೆದವಳು ಈ ಕುಳಿಯಲ್ಲಿ ಕುಳಿತಿರುವ ಕಾಶವ್ವ.”

ಹೆಸರು ಬಾಯಿಂದ ಬಿದ್ದ ಮೇಲೆಯೇ ಅವರಿಗೆ ತಾನೇನು ಹೇಳಿದೆನೆಂಬುದು ತಿಳಿದದ್ದು. ಜನರೆಲ್ಲ ಕುಳಿಯತ್ತ ಕತ್ತು ಚಾಚಿ ಎದ್ದು ನಿಂತರು. ಹದಿನಾಲ್ಕು ವರ್ಷ ಯಾರೂ ಮುಖ ನೋಡಿರದ ಹೆಂಗಸೊಬ್ಬಳು ಕುಳಿಯಿಂದ ಎದ್ದು ನಿಂತಳು. “ಇನ್ನೂ ಒಂದ ಅಂಕ ಉಳದೈತಿ, ಕೂಡ್ರಿ” ಎಂದು ಮತ್ತೆ ಕೆಳಗಿಳಿದು, ಕೊನೆಯವರೆಗೂ ಮಾತು ಹೇಳಿಕೊಟ್ಟಳಂತೆ. ಮರುದಿನ ಅವಳು ಊರಲ್ಲಿರಲಿಲ್ಲ. ಪಂಢರಾಪುರಕ್ಕೆ ಹೋದಳೆಂದು ಕೆಲವರು, ಎಲ್ಲೋ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳೆಂದು ಕೆಲವರು ಹೇಳುತ್ತಾರೆ. ಮಾಸ್ತರರು ಮಾತ್ರ ಅದೂ ನಾಟಕದ ಮಾತೇ, ನಾಲಿಗೆ ತೊದಲಿ ಹೆಸರು ತಪ್ಪಿತು ಎಂದು ಸಾಧಿಸಿದರು. ಜನ ಪ್ರತಿ ಆಟದಲ್ಲೂ ಅದೇ ಮಾತಿಗೆ ಪಟ್ಟು ಹಿಡಿದಾಗ, ‘ಈ ಕುಳಿಯಲ್ಲಿ ಕುಳಿತಿರುವ ಕಾಶವ್ವ’ ಎಂಬಲ್ಲಿ ಬೇರೆ ಹೆಸರು ಸೇರಿಸಿ ಆಡಿದರು, ಪುಸ್ತಕದಲ್ಲೂ ಹಾಗೆಯೇ ಅಚ್ಚು ಹಾಕಿಸಿದರು. ಊರವರು ಥಿಯೇಟರನ್ನು ಕಾಶವ್ವನ ಕುಳಿಯೆಂದೇ ಕರೆದರು.

ಆ ಬೇರೆ ಹೆಸರು ಯಾವುದೆಂದು ಮಲ್ಲೇಶಪ್ಪನವರು ಹೇಳಬೇಕಾಗಿರಲಿಲ್ಲ. ಆ ಸಾಲು ನನಗೆ ಬಾಯಿಪಾಠ. “ಎಲ್ಲವನ್ನೂ ಬರೆದವಳು ಆ ತಾಯಿ ಶಾರದೆ.” ಶಾಲೆಯ ಗ್ಯಾದರಿಂಗಿನಲ್ಲಿ ನಾನೇ ಎದೆಯುಬ್ಬಿಸಿ ಹೇಳಿ ಬಹುಮಾನ ಪಡೆದ ಮಾತು ಅದು. ಅಜ್ಜ ಎಂಥ ವಿನಯವಂತ, ಕೀರ್ತಿಯನ್ನೆಲ್ಲ ದೇವಿಗೆ ಒಪ್ಪಿಸಿಬಿಟ್ಟ ಎಂದು ನಮ್ಮ ಮನೆಯಲ್ಲಿ ಮೂರು ತಲೆಮಾರು ಕಣ್ಣೀರು ಹಾಕಿದ್ದೇವೆ. ನಾಚಿಕೆಯಿಂದ ನನಗೆ ಹೆಂಡತಿಯ ಮುಖ ನೋಡಲಾಗಲಿಲ್ಲ. “ಅಪ್ಪಾ, ನಾವ್ ಯಾರಂತ ಇವರಿಗೆ ಹೇಳೂದ ಬ್ಯಾಡ, ನಡೀರಿ” ಎಂದು ವನಮಾಲೆ ಮೆಲ್ಲಗೆ ನನ್ನ ತೋಳು ಹಿಡಿದಳು.

ಕುಳಿ ಇಂದಿಗೂ ಹಾಗೆಯೇ ಇದೆ. ಅದರ ಅಂಚಿನಲ್ಲಿ ಆ ನಾಟಕದ ಪ್ರತಿಗಳ ಸಾಲು, ಪಕ್ಕದಲ್ಲಿ ದಾರ ಕಟ್ಟಿದ ಒಂದು ಪೆನ್ಸಿಲು. ಬಂದವರು ಆ ಪುಟ ತೆರೆದು, ಶಾರದೆಗೆ ಕೈಮುಗಿದು, ಅವಳ ಹೆಸರು ಹೊಡೆದು ಕಾಶವ್ವ ಎಂದು ಬರೆಯುವುದು ಇಲ್ಲಿಯ ಪದ್ಧತಿ. ಯಾರೂ ಮುಟ್ಟಿರದ ಹೊಸ ಪ್ರತಿಯೊಂದನ್ನು ನಾನು ಕೈಗೆತ್ತಿಕೊಂಡೆ. ಒಳಪುಟ ತಿದ್ದಿದೆ. ಆಮೇಲೆ ಮುಖಪುಟ ತಿರುಗಿಸಿ ಅಡಿವೆಪ್ಪ ಮಾಸ್ತರ ಎಂಬ ಹೆಸರನ್ನೂ ಹೊಡೆದು ಅವಳ ಹೆಸರು ಬರೆದೆ. ಕೆಳಗೆ ‘ತಿದ್ದಿದವನು ಮೊಮ್ಮಗ’ ಎಂದು ಸಹಿ ಹಾಕಿ ಪುಸ್ತಕವನ್ನು ಮಲ್ಲೇಶಪ್ಪನವರ ಕೈಗಿತ್ತೆ.