ಶರಭಣ್ಣನ ಸವಳು ಹೊಲ

ತೂಬಿನಹಾಳ ಎಂಬ ಊರಿನಲ್ಲಿ ಶರಭಣ್ಣ ಎಂಬ ರೈತನಿದ್ದ. ಊರಿಗೆ ಬರುವ ಕಾಲುವೆಯ ಮೊದಲ ತೂಬು ಅವನ ಹೊಲದ ಮಗ್ಗುಲಲ್ಲೇ ಇತ್ತು. ಹಾಗಾಗಿ ನೀರು ಎಲ್ಲರಿಗಿಂತ ಮೊದಲು ಅವನಿಗೆ ಸಿಗುತ್ತಿತ್ತು. ಹನ್ನೆರಡು ಎಕರೆ ಕಪ್ಪು ನೆಲ. ವರ್ಷಕ್ಕೆ ಎರಡು ಬೆಳೆ ಬತ್ತ. ಇಪ್ಪತ್ತೈದು ವರ್ಷದಿಂದ ಬತ್ತ ಬಿಟ್ಟು ಬೇರೊಂದು ಕಾಳನ್ನು ಅವನು ಬಿತ್ತಿರಲಿಲ್ಲ.

ಶರಭಣ್ಣ ಕೆಟ್ಟವನೇನಲ್ಲ. ಮನೆಗೆ ಬಂದವರನ್ನು ಊಟ ಮಾಡಿಸದೆ ಕಳಿಸುತ್ತಿರಲಿಲ್ಲ. ಆದರೆ ನೀರಿನ ಮಾತು ಬಂದರೆ ಅವನ ಮನಸ್ಸು ಕಲ್ಲಾಗುತ್ತಿತ್ತು. ತೂಬಿನ ಬಾಗಿಲನ್ನು ಒಮ್ಮೆ ಎತ್ತಿದನೆಂದರೆ ಇಳಿಸುವ ಮಾತೇ ಇಲ್ಲ. ಗದ್ದೆಯ ತುಂಬ ನೀರು ಹೊಳೆಯುತ್ತಿದ್ದರೆ ಅವನಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಅದೇ ಕಾಲುವೆಯ ಕೊನೆಯಲ್ಲಿ ಕಲ್ಲಬೆಂಚಿ ಎಂಬ ಸಣ್ಣ ಊರು. ಅಲ್ಲಿಗೆ ನೀರು ತಲುಪುವುದೇ ಅಪರೂಪ. ಒಂದು ವರ್ಷ ಆ ಊರಿನ ನಾಲ್ಕು ಜನ ಬಂದು ತೂಬಿನ ಬಾಗಿಲು ಇಳಿಸಿದರು. ಶರಭಣ್ಣನ ಕಡೆಯವರು ನೋಡಿದರು. ಬಡಿದಾಟವಾಯಿತು. ಕಲ್ಲಬೆಂಚಿಯ ಯಮನೂರಪ್ಪನ ಬಲಗೈ ಮುರಿಯಿತು. ಶರಭಣ್ಣ ಯಾರ ಮೇಲೂ ಕೈ ಎತ್ತಲಿಲ್ಲ, ನಿಜ. ಆದರೆ ಅಲ್ಲೇ ನಿಂತಿದ್ದ. ಬೇಡ ಎಂದು ಒಂದು ಮಾತೂ ಆಡಲಿಲ್ಲ.

ಮರುವರ್ಷ ಅವನ ಹೊಲದ ತಗ್ಗಿನ ಭಾಗದಲ್ಲಿ ಬತ್ತದ ಸಸಿಗಳ ತುದಿ ಸುಟ್ಟಂತಾಯಿತು. ನೀರು ಆರಿದ ಕಡೆ ನೆಲ ಬೆಳ್ಳಗೆ ಕಾಣತೊಡಗಿತು. ಮೊದಲು ನೋಡಿದವಳು ಅವನ ಹೆಂಡತಿ ಸಂಗಮ್ಮ.

"ಏನ್ರೀ, ಹೊಲದಾಗ ಯಾರೋ ಉಪ್ಪು ಚೆಲ್ಲಿದಂಗ ಐತಲ್ರೀ."

"ಗೊಬ್ಬರ ಕಡಿಮಿ ಆಗೇತಿ, ಅಷ್ಟ," ಎಂದ ಶರಭಣ್ಣ.

ಹೆಚ್ಚು ಗೊಬ್ಬರ ಹಾಕಿದ. ಹೆಚ್ಚು ನೀರು ಬಿಟ್ಟ. ಬಿಳುಪು ಇನ್ನೊಂದು ಮಡಿಗೆ ಹಬ್ಬಿತು. ಎಕರೆಗೆ ನಲವತ್ತು ಚೀಲ ಬರುತ್ತಿದ್ದಲ್ಲಿ ಹದಿನೈದು ಚೀಲ ಬಂತು. ಆಮೇಲೆ ಅದೂ ಇಲ್ಲ. ಶರಭಣ್ಣ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಆ ಕಡೆಯ ನಾಲ್ಕು ಎಕರೆ ಕಣ್ಣಿಗೆ ಬೀಳಬಾರದೆಂದು ಸುತ್ತು ಬಳಸಿ ಹೊಲಕ್ಕೆ ಹೋಗಿ ಬರತೊಡಗಿದ.

ಹೀಗಿರುವಾಗ ಒಂದು ಬೆಳಿಗ್ಗೆ ಕಲ್ಲಬೆಂಚಿಯಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಬಂದರು. ಅವರ ಊರಿನ ಕೆರೆ ಬತ್ತಿತ್ತು. ದನಗಳಿಗೆ ಕುಡಿಯಲೂ ನೀರಿರಲಿಲ್ಲ. ಬಂದವರ ಜೊತೆ ಹುಲಿಗೆವ್ವ ಎಂಬ ಮುದುಕಿಯೂ ಇದ್ದಳು. ಬರೀ ಗಂಡಸರನ್ನು ಕಳಿಸಿದರೆ ಮತ್ತೆ ಬಡಿದಾಡಿಕೊಂಡು ಬರುತ್ತಾರೆ ಎಂದು ತಾನೇ ಹಟ ಹಿಡಿದು ಟ್ರ್ಯಾಕ್ಟರ್ ಹತ್ತಿದ್ದಳು.

ತೂಬಿನ ಹತ್ತಿರ ಮಾತಿಗೆ ಮಾತು ಬೆಳೆಯಿತು. ಹುಲಿಗೆವ್ವ ಆ ಗದ್ದಲದಲ್ಲಿ ನಿಲ್ಲಲಿಲ್ಲ. ಬದುವಿನ ಮೇಲೆ ನಡೆದು ತಗ್ಗಿನ ಹೊಲಕ್ಕೆ ಇಳಿದಳು. ಕುಕ್ಕರುಗಾಲಲ್ಲಿ ಕೂತು ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿದಳು. ಥೂ ಎಂದು ಉಗಿದಳು.

"ಏ ತಮ್ಮಾ, ಇಲ್ಲಿ ಬಾ," ಎಂದು ಅಲ್ಲಿಂದಲೇ ಕೂಗಿದಳು.

ಶರಭಣ್ಣನಿಗೆ ಸಿಟ್ಟು ಬಂತು. ತಾನು ಯಾರಿಗೂ ತೋರಿಸದ ಜಾಗದಲ್ಲಿ ಈ ಮುದುಕಿ ಕೂತಿದ್ದಾಳೆ! ದಾಪುಗಾಲು ಹಾಕುತ್ತ ಬಂದ.

"ನಿನ್ನ ಹೊಲ ಸವಳು ಆಗೇತಿ," ಎಂದಳು ಹುಲಿಗೆವ್ವ. "ಇದಕ್ಕ ನೀರು ಕಡಿಮಿ ಆಗಿಲ್ಲ ತಮ್ಮಾ, ಹೆಚ್ಚಾಗೇತಿ. ನೆಲದಾಗಿನ ಉಪ್ಪು ನೀರಿನ ಜೊತಿ ಮ್ಯಾಲ ಬಂದೈತಿ. ನಮ್ಮ ತವರುಮನಿ ಹೊಲ ಹಿಂಗ ಹೋತು. ನಮ್ಮಪ್ಪ ಇನ್ನಷ್ಟು ನೀರು ಬಿಟ್ಟ. ಕಡೀಕ ಅಲ್ಲಿ ಹುಲ್ಲೂ ಹುಟ್ಟಲಿಲ್ಲ. ಬೋಳು ಹೊಲದಾಗ ಕೂತು ಅಂವ ಅಳೋದನ್ನ ಕಣ್ಣಾರೆ ಕಂಡೀನಿ."

"ಏನು ಮಾಡಬೇಕಿತ್ತು?" ಶರಭಣ್ಣನ ದನಿ ತಾನಾಗಿ ಇಳಿದಿತ್ತು.

"ತೂಬು ಇಳಿಸಬೇಕಿತ್ತು. ನಿಂತ ನೀರು ಹರಿದು ಹೋಗಾಕ ಬಸಿಗಾಲುವಿ ತೋಡಬೇಕಿತ್ತು. ಬತ್ತ ಬಿಟ್ಟು, ಹಸಿರೆಲಿ ಗೊಬ್ಬರ ಬೆಳೆದು ಮಣ್ಣಿಗೆ ಮುಚ್ಚಬೇಕಿತ್ತು. ಆಮ್ಯಾಲ ಜ್ವಾಳ, ಸಜ್ಜಿ, ತೊಗರಿ, ಕಡಿಮಿ ನೀರು ಕುಡಿಯೋ ಬೆಳಿ."

ಶರಭಣ್ಣನಿಗೆ ಥಟ್ಟನೆ ಅನುಮಾನ ಬಂತು. "ನೀರು ಕೇಳಾಕ ಬಂದಾಕಿ ನೀನು. ನೀರು ನಿಲ್ಲಿಸು ಅಂತ ನನಗ ಹೇಳ್ತಿ. ಹೆಂಗ ನಂಬಲಿ ಯಕ್ಕಾ?"

ಹುಲಿಗೆವ್ವ ನಕ್ಕಳು. "ನಂಬಬ್ಯಾಡ. ನೀ ತೂಬು ಇಳಿಸಿದ್ರ ನಮ್ಮೂರಿಗೆ ನೀರು ಬರ್ತೈತಿ, ಅದು ಖರೆ. ಇಳಿಸದಿದ್ರ ನಿನ್ನ ಹೊಲ ಹೋಗ್ತೈತಿ, ಅದೂ ಖರೆ. ನನ್ನ ಮಾತು ಬಿಡು. ನಾಳೆ ಇಲ್ಲೊಂದು ಗುಂಡಿ ತೋಡು. ನಿನ್ನ ಹೊಲಾನ ನಿನಗ ಹೇಳ್ಲಿ."

ಅಂದು ಯಾವ ತೀರ್ಮಾನವೂ ಆಗಲಿಲ್ಲ. ಕಲ್ಲಬೆಂಚಿಯವರು ಬರಿಗೈಯಲ್ಲಿ ಹೋದರು.

ಮರುದಿನ ಬೆಳಿಗ್ಗೆ ಶರಭಣ್ಣ ಸಲಿಕೆ ಹಿಡಿದು ಒಬ್ಬನೇ ಹೋದ. ಗುಂಡಿ ಮೊಣಕಾಲುದ್ದ ಆಗುವಷ್ಟರಲ್ಲೇ ಸುತ್ತಲಿಂದ ನೀರು ಜಿನುಗಿತು. ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿದ. ಉಪ್ಪು. ಇಪ್ಪತ್ತೈದು ವರ್ಷ ಮೇಲಿನಿಂದ ಸುರಿದದ್ದೆಲ್ಲ ಕೆಳಗೆ ಹಾಗೇ ನಿಂತಿತ್ತು. ಬೇರು ಇಳಿದು ಉಸಿರಾಡುವುದಕ್ಕೆ ಜಾಗವೇ ಇರಲಿಲ್ಲ. ಶರಭಣ್ಣ ಗುಂಡಿಯ ದಡದಲ್ಲಿ ಬಹಳ ಹೊತ್ತು ಕೂತ.

ಊರಿನವರು ಬುದ್ಧಿ ಹೇಳಿದರು. "ಒಂದು ವರ್ಷ ನೀರು ಬಿಟ್ಟುಕೊಟ್ಟಿ ಅಂದ್ರ ಕೆಳಗಿನವರು ಅದನ್ನ ತಮ್ಮದು ಅಂತಾರ. ಆಮ್ಯಾಲ ನಿನಗ ಹನಿ ಸಿಗೂದಿಲ್ಲ." ಆ ಮಾತು ಶರಭಣ್ಣನನ್ನು ಕೊರೆಯಿತು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಸಂಗಮ್ಮ ತಾಟು ಮುಂದಿಟ್ಟು ಕೇಳಿದಳು.

"ಹೊಲ ಹೋದ ಮ್ಯಾಲ ನೀರು ಇಟ್ಕೊಂಡು ಏನು ಮಾಡ್ತೀರಿ? ಈಸಾಡ್ತೀರೇನು?"

ಶರಭಣ್ಣನಿಗೆ ನಗು ಬಂದುಬಿಟ್ಟಿತು. ಊಟ ಮುಗಿಸಿ ಎದ್ದು ಹೋಗಿ ತೂಬಿನ ಬಾಗಿಲು ಇಳಿಸಿದ. ಮೇಲಿನ ಹೊಲದ ಬತ್ತಕ್ಕೆ ಬೇಕಾದಾಗ ಮಾತ್ರ ಎತ್ತಿದ. ತಗ್ಗಿನ ನಾಲ್ಕು ಎಕರೆಗೆ ಮತ್ತೆ ನೀರು ಬಿಡಲಿಲ್ಲ.

ಇನ್ನು ಬಸಿಗಾಲುವೆ. ಅದು ತಗ್ಗಿನ ಹೊಲದಿಂದ ಹೊರಟು ಊರ ಹಳ್ಳ ಸೇರಬೇಕಿತ್ತು. ಶರಭಣ್ಣ ಜೆಸಿಬಿ ತರಿಸಿದ. ಹಸಿ ನೆಲದಲ್ಲಿ ಅದು ಅರ್ಧ ಹೂತಿತು. ಅದನ್ನು ಎಳೆಯುವುದರಲ್ಲೇ ಒಂದು ದಿನ ಹೋಯಿತು. ಕೈಯಿಂದಲೇ ತೋಡಬೇಕು ಎಂದಾಯಿತು. ಊರಿನಲ್ಲಿ ಕೂಲಿಗೆ ಕರೆದರೆ, ಹುಚ್ಚನ ಕೆಲಸ ಎಂದು ನಕ್ಕು ಯಾರೂ ಬರಲಿಲ್ಲ. ಶರಭಣ್ಣ, ಸಂಗಮ್ಮ ಇಬ್ಬರೇ ಶುರುಮಾಡಿದರು.

ತೂಬು ಇಳಿದು ನೀರು ಕೆಳಗೆ ಹರಿಯತೊಡಗಿತ್ತು; ಗಂಡ ಹೆಂಡತಿ ಇಬ್ಬರೇ ತೋಡುತ್ತಿರುವ ಸುದ್ದಿಯೂ ಹೋಗಿತ್ತು. ನಾಲ್ಕನೆಯ ದಿನ ಕಲ್ಲಬೆಂಚಿಯ ಟ್ರ್ಯಾಕ್ಟರ್ ಮತ್ತೆ ಬಂತು. ಹದಿನಾಲ್ಕು ಜನ ಇಳಿದರು. ಎಲ್ಲರ ಕೈಯಲ್ಲೂ ಗುದ್ದಲಿ, ಸಲಿಕೆ, ಬುಟ್ಟಿ. ಅವರಲ್ಲಿ ಯಮನೂರಪ್ಪನೂ ಇದ್ದ. ಅವನನ್ನು ಕಂಡು ಶರಭಣ್ಣನ ಕೈ ನಿಂತಿತು.

"ಕೈ ಈಗ ಹೆಂಗೈತೋ ಯಮನೂರಾ?"

"ಗುದ್ದಲಿ ಹಿಡಿಯೋ ಹಂಗ ಐತ್ರಿ."

ಶರಭಣ್ಣ ತಲೆ ತಗ್ಗಿಸಿದ. "ಅವತ್ತು ನಾನು ಬ್ಯಾಡ ಅನ್ನಬೇಕಿತ್ತು. ಅನ್ನಲಿಲ್ಲ. ತಪ್ಪಾತಪ್ಪಾ."

ಯಮನೂರಪ್ಪ ಬುಟ್ಟಿ ಕೆಳಗಿಟ್ಟ. "ಹೌದ್ರಿ. ಅನ್ನಬೇಕಿತ್ತು," ಎಂದ. ಆಮೇಲೆ ಬಸಿಗಾಲುವೆಗಿಳಿದು ಅಗೆಯತೊಡಗಿದ. ಮಧ್ಯಾಹ್ನ ಸಂಗಮ್ಮ ರೊಟ್ಟಿ ಬಡಿಸುವಾಗ ಅವನೇ ಶರಭಣ್ಣನಿಗೆ ಪಕ್ಕದಲ್ಲಿ ಜಾಗ ಬಿಟ್ಟು ಕೂತ.

ಒಂಬತ್ತು ದಿನಕ್ಕೆ ಬಸಿಗಾಲುವೆ ಹಳ್ಳ ಮುಟ್ಟಿತು. ಮಳೆಗಾಲ ಬಂತು. ಮಳೆನೀರು ಹೊಲದಲ್ಲಿ ಇಂಗಿ, ಮಣ್ಣಿನ ಉಪ್ಪನ್ನು ತೊಳೆದುಕೊಂಡು ಬಸಿಗಾಲುವೆಗೆ ಇಳಿಯಿತು. ಶರಭಣ್ಣ ಹುಲಿಗೆವ್ವ ಹೇಳಿದಂತೆ ಹಸಿರೆಲೆ ಗೊಬ್ಬರಕ್ಕೆಂದು ಡಯಾಂಚ ಎಂಬ ಗಿಡ ಬಿತ್ತಿದ. ಅದು ಎದೆಯೆತ್ತರ ಬೆಳೆದು ಹೂ ಬಿಡುವ ಹೊತ್ತಿಗೆ ಮಣ್ಣಿಗೇ ಮಗುಚಿ ಉತ್ತ. ಮೇಲೆ ಕೊಟ್ಟಿಗೆ ಗೊಬ್ಬರ ಹರಡಿದ. ಹಿಂಗಾರಿಗೆ ಜೋಳ ಹಾಕಿದ.

ಮೊದಲ ವರ್ಷ ಜೋಳದ ತೆನೆ ಕಿರುಬೆರಳಿನಷ್ಟೇ ಆಯಿತು. "ಬತ್ತದ ರಾಜ ಈಗ ದನದ ಮೇವು ಬೆಳೀತಾನ," ಎಂದು ಊರಿನವರು ಆಡಿಕೊಂಡರು. ಶರಭಣ್ಣನಿಗೆ ಆ ಮಾತು ನಾಟಿತು. ಒಂದು ಸಂಜೆ ತೂಬಿನ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ನಿಂತೂ ಇದ್ದ. ಆದರೆ ಎತ್ತಲಿಲ್ಲ. ಆ ವೇಳೆಗೆ ಕಲ್ಲಬೆಂಚಿಯ ದನಗಳು ನೀರು ಕುಡಿಯುತ್ತಿವೆ ಎಂಬ ಸುದ್ದಿ ಅವನ ಕಿವಿಗೆ ಬಿದ್ದಿತ್ತು.

ಎರಡನೆಯ ವರ್ಷ ಮೇಲಿನ ಹೊಲದಲ್ಲೂ ಮನೆಗೆ ಬೇಕಾದಷ್ಟು ಬತ್ತ ಇಟ್ಟುಕೊಂಡು, ಉಳಿದ ಕಡೆ ಸಜ್ಜೆಯ ಸಾಲಿನ ನಡುವೆ ತೊಗರಿ, ಹೆಸರು ಬಿತ್ತಿದ. ಅಂಗಡಿಯಿಂದ ತರುತ್ತಿದ್ದ ಗೊಬ್ಬರದ ಚೀಲಗಳು ಅರ್ಧಕ್ಕಿಳಿದವು. ಮೂರನೆಯ ವರ್ಷ ತಗ್ಗಿನ ಹೊಲದಲ್ಲಿ ನೇಗಿಲು ಹೊಡೆಯುವಾಗ ಮಣ್ಣು ಹೆಂಟೆ ಕಟ್ಟದೆ ಪುಡಿಪುಡಿಯಾಗಿ ಮಗುಚಿತು. ಎರೆಹುಳು ಹೊರಬಿದ್ದವು. ಎಲ್ಲಿಂದಲೋ ಬೆಳ್ಳಕ್ಕಿಗಳು ಬಂದು ನೇಗಿಲ ಹಿಂದೆ ಸಾಲು ಹಿಡಿದವು. ಆ ವರ್ಷ ಅಲ್ಲಿ ಜೋಳ ಆಳೆತ್ತರ ನಿಂತಿತು. ತೆನೆ ಮುಷ್ಟಿಯಷ್ಟು. ಒಂದು ಮೂಲೆ ಮಾತ್ರ ಇನ್ನೂ ಬೆಳ್ಳಗಿತ್ತು. "ಅದಕ್ಕ ಇನ್ನೂ ಎರಡು ಮಳಿಗಾಲ ಬೇಕು," ಎಂದು ಶರಭಣ್ಣ ಬಂದವರಿಗೆಲ್ಲ ತಾನೇ ಕರೆದುಕೊಂಡು ಹೋಗಿ ತೋರಿಸುತ್ತಿದ್ದ.

ಅಷ್ಟರಲ್ಲಿ ಅಕ್ಕಪಕ್ಕದ ಆರು ಜನರ ಗದ್ದೆಯಲ್ಲೂ ಬಿಳುಪು ಕಾಣಿಸಿಕೊಂಡಿತ್ತು. ನಕ್ಕವರೇ ಬಂದು ಕೇಳಿದರು. ಶರಭಣ್ಣ ಅವರ ನಗುವಿನ ಸುದ್ದಿ ಎತ್ತಲಿಲ್ಲ. ಡಯಾಂಚದ ಬೀಜ ಕೊಟ್ಟ. ಬಸಿಗಾಲುವೆಗೆ ತನ್ನ ಹೊಲದಲ್ಲಿ ದಾರಿ ಕೊಟ್ಟ. ಮೇಲಿನವರು, ಕೆಳಗಿನವರು ಒಂದೆಡೆ ಕೂತು ನೀರಿಗೆ ಪಾಳಿ ಗೊತ್ತುಮಾಡಿಕೊಂಡರು. ತೂಬಿನ ಬಳಿ ಕಾವಲು ಕೂರುವ ಕೆಲಸ ತಪ್ಪಿತು.

ಆ ವರ್ಷ ಕಲ್ಲಬೆಂಚಿಯ ಕೆರೆ ತುಂಬಿತು. ಊರಿನವರು ಗಂಗೆಪೂಜೆ ಇಟ್ಟುಕೊಂಡು ಶರಭಣ್ಣನನ್ನೂ ಸಂಗಮ್ಮನನ್ನೂ ಕರೆದರು. ಟ್ರ್ಯಾಕ್ಟರ್ ಕಳಿಸುತ್ತೇವೆ ಎಂದರೂ ಶರಭಣ್ಣ ಒಪ್ಪಲಿಲ್ಲ. ಕಾಲುವೆಯ ದಂಡೆ ಹಿಡಿದು ನಡೆದೇ ಬರುತ್ತೇವೆ ಎಂದ.

ಒಂಬತ್ತು ಕಿಲೋಮೀಟರ್ ದಾರಿ. ನಡೆದಂತೆ ಕಾಲುವೆ ಸಣ್ಣದಾಗುತ್ತ ಬಂತು. ದಂಡೆಯ ಎರಡೂ ಕಡೆ ಶೇಂಗಾ, ಸೂರ್ಯಕಾಂತಿ, ಒಂದು ಕಡೆ ಯಾರೋ ಹಾಕಿದ ಬದನೆ ತೋಟ. ಬಟ್ಟೆ ಒಗೆಯುವ ಹೆಂಗಸರು, ಮೈ ತೊಳೆಸಿಕೊಳ್ಳುವ ಎಮ್ಮೆಗಳು. ಕೊನೆಯಲ್ಲಿ ಕಾಲುವೆ ಒಂದು ಮೊಳ ಅಗಲವಾಗಿ, ಕಲ್ಲಿನ ಮೇಲಿಂದ ಸಣ್ಣಗೆ ಸದ್ದು ಮಾಡುತ್ತ ಕೆರೆಗೆ ಬೀಳುತ್ತಿತ್ತು. ಶರಭಣ್ಣ ಅಲ್ಲೇ ನಿಂತುಬಿಟ್ಟ. ಇಷ್ಟು ವರ್ಷ ಅವನು ಕಾಲುವೆಯ ಈ ತುದಿಯನ್ನು ಒಮ್ಮೆಯೂ ನೋಡಿರಲಿಲ್ಲ.

ಅರಿಶಿನ ಕುಂಕುಮದ ತಟ್ಟೆ ಹಿಡಿದು ಎದುರಿಗೆ ಬಂದ ಹುಲಿಗೆವ್ವ ಅವನ ಕಣ್ಣು ತೇವವಾಗಿದ್ದು ಕಂಡಳು. "ಯಾಕ ತಮ್ಮಾ?"

"ಏನಿಲ್ಲ ಯಕ್ಕಾ. ನೀರು ನನ್ನ ಹೊಲದಾಗ ಮುಗೀತೈತಿ ಅಂತ ತಿಳಕೊಂಡಿದ್ದೆ. ಇಲ್ಲೀತನಕ ಬರ್ತೈತಿ ಅಂತ ಗೊತ್ತಿರಲಿಲ್ಲ," ಎಂದ ಶರಭಣ್ಣ. ಆಮೇಲೆ ಚಪ್ಪಲಿ ಬಿಟ್ಟು ಕೆರೆಗಿಳಿದು, ಎರಡೂ ಕೈಯಿಂದ ನೀರು ತೆಗೆದು ಕುಡಿದ. ಅದು ಸಿಹಿಯಾಗಿತ್ತು.

ನೀತಿ: ನೆಲ ಮತ್ತು ನೀರನ್ನು ಅವುಗಳ ತಾಳಿಕೆ ನೋಡಿ ಬಳಸಬೇಕು, ಮಕ್ಕಳೇ. ನಮಗೆ ಸಿಗುತ್ತದೆ ಎಂದು ಮಿತಿಮೀರಿ ಬಳಸಿದರೆ ಮೊದಲು ನೆರೆಯವನು ಸೊರಗುತ್ತಾನೆ, ಆಮೇಲೆ ನಮ್ಮ ಹೊಲವೇ ಸೊರಗುತ್ತದೆ. ಮಣ್ಣನ್ನು ಉಳಿಸುವ ಬೇಸಾಯ ರೈತನನ್ನೂ ಉಳಿಸುತ್ತದೆ, ಊರನ್ನೂ ಉಳಿಸುತ್ತದೆ. ತಪ್ಪು ತಿಳಿದು ತಿದ್ದಿಕೊಳ್ಳಲು ಹೊರಟವನಿಗೆ, ಜೊತೆಗೆ ಗುದ್ದಲಿ ಹಿಡಿಯುವವರು ಸಿಕ್ಕೇ ಸಿಗುತ್ತಾರೆ.