ರಣವೀಳ್ಯದ ಎಲೆ

ಯುದ್ಧ ಬೇಡವೆಂದು ಹಳ್ಳಿ ಹಳ್ಳಿ ತಿರುಗಿ ಮಠಕ್ಕೆ ಮರಳಿದ ಗುರುಪಾದನೆಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: "ಕಡಲಾಚೆಯ ನಾಡಿನ ಮೇಲೆ ದಂಡು ಹೋಗುವುದು ಯಾರಿಗೂ ಬೇಕಿಲ್ಲ. ಹೋದಲ್ಲೆಲ್ಲ ಜನ ನಮ್ಮ ಮಾತಿಗೆ ಹೌದೆಂದರು. ನಮ್ಮೊಡನೆ ಬಂದು ಅರಮನೆಯ ಮುಂದೆ ಬಿಸಿಲಲ್ಲಿ ಕುಳಿತರು. ಆದರೂ ದಂಡು ಹೊರಡುತ್ತಿದೆ. ಯಾರಿಗೂ ಬೇಡವಾದದ್ದು ಹೇಗೆ ನಡೆಯುತ್ತದೆ ಗುರುಗಳೇ? ನನಗಂತೂ ಸಾಕಾಗಿದೆ."

"ಸಾಕಾಗಿರುವುದು ನಿನಗೊಬ್ಬನಿಗೇ ಅಲ್ಲ" ಎಂದು ಗುರುಗಳು ಗೋಡೆಗೊರಗಿ ಈ ಕತೆ ಹೇಳಿದರು.

ಒಬ್ಬ ಅರಸನಿಗೆ ದೂರದ ಒಂದು ನಾಡಿನ ಮೇಲೆ ಕಣ್ಣು ಬಿತ್ತು. ಆ ನಾಡು ಯಾವ ದಿಕ್ಕಿಗಿದೆಯೆಂಬುದೂ ಅವನ ಪ್ರಜೆಗಳಿಗೆ ಗೊತ್ತಿರಲಿಲ್ಲ. ಅರಸನ ಸೀಮೆಯ ಪದ್ಧತಿ ಹೀಗಿತ್ತು: ದಂಡು ಹೊರಡುವ ಮುನ್ನ ಅರಸ ತನ್ನ ಕೈಯಾರೆ ಪ್ರತಿ ಸೈನಿಕನಿಗೂ ವೀಳ್ಯ ಕೊಡಬೇಕು. ಅದು ರಣವೀಳ್ಯ. ಎಲೆ ಅದೇ ಸೀಮೆಯ ತೋಟದ್ದಾಗಿರಬೇಕು. ಕೈಯೊಡ್ಡಿ ತೆಗೆದುಕೊಂಡವನು ಹಿಂದೆ ಸರಿಯುವಂತಿಲ್ಲ.

ಆ ಸೀಮೆಯಲ್ಲಿ ಎಲೆತೋಟದ ಹೆಂಗಸೊಬ್ಬಳಿದ್ದಳು. ಅವಳ ಒಬ್ಬನೇ ಮಗ ದಂಡಿನಲ್ಲಿದ್ದ. ವೀಳ್ಯ ಬಂದರೂ ಕೈಯೊಡ್ಡುವುದಿಲ್ಲವೆಂದು ಅವನು ತಾಯಿಗೆ ಮಾತು ಕೊಟ್ಟಿದ್ದ. ಅವನೊಬ್ಬ ಉಳಿದರೆ ಸಾಲದೆಂದು ಅವಳು ತೋಟದಿಂದ ತೋಟಕ್ಕೆ ನಡೆದಳು. ಅರಮನೆಗೆ ಒಂದೆಲೆಯನ್ನೂ ಮಾರುವುದಿಲ್ಲವೆಂದು ಎಲ್ಲರಿಂದ ಬಳ್ಳಿ ಮುಟ್ಟಿಸಿ ಆಣೆ ಮಾಡಿಸಿದಳು. ಅರಮನೆಯವರು ಹೆಚ್ಚು ಬೆಲೆ ತೋರಿಸಿದರು, ಹೆದರಿಸಿದರು. ಯಾರೂ ಜಗ್ಗಲಿಲ್ಲ. ಎಲೆ ಬಳ್ಳಿಯಲ್ಲೇ ಹಣ್ಣಾಗಿ ಉದುರಿತು. ಯುದ್ಧ ಬೇಡವೆಂದು ಜನ ಅರಮನೆಯ ಬಾಗಿಲಲ್ಲಿ ಕುಳಿತು ಕುಳಿತು ಸೋತರು, ಆದರೆ ಏಳಲಿಲ್ಲ.

ಆಗ ಮುದಿ ಮಂತ್ರಿಯೊಬ್ಬ ಹಳ್ಳಿಗೆ ಬಂದ. ಕತ್ತಿಯಿಲ್ಲ, ಕಾವಲಿಲ್ಲ. ಹಿಂದೆ ಬುಟ್ಟಿ ಹಿಡಿದ ಒಬ್ಬ ಆಳು, ಅಷ್ಟೇ. ಮನೆ ಮನೆಯ ಜಗಲಿಯಲ್ಲಿ ಕುಳಿತು ನೀರು ಕೇಳಿ ಕುಡಿದ, ಕಷ್ಟಸುಖ ವಿಚಾರಿಸಿದ. ಆ ಹೆಂಗಸಿನ ಮನೆಗೂ ಬಂದ.

"ಮಗ ಚೆನ್ನಾಗಿದ್ದಾನೇನಮ್ಮ?" ಎಂದ.

"ಅವ್ನೆ ಬುದ್ಧಿ, ನಿಮ್ ದಂಡಲ್ಲೇ ಅವ್ನೆ. ಈ ಯುದ್ಧ ಬ್ಯಾಡ ಅಂತ ನೀವಾದ್ರೂ ದೊರೆಗೊಂದು ಮಾತು ಹೇಳಿ."

"ಹೇಳೋಣಂತೆ" ಎಂದು ಮಂತ್ರಿ ಎದ್ದ.

ದೊಡ್ಡವರು ಮನೆ ಬಾಗಿಲಿಗೆ ಬಂದಿದ್ದಾರೆ. ಬರಿಗೈಯಲ್ಲಿ ಕಳಿಸಿದರೆ ನಾಳೆ ಊರು ಏನೆಂದೀತು? ಅವಳು ಒಳಗೆ ಹೋಗಿ ಎಳೆಯ ಎಲೆ ಆರಿಸಿ, ಅಡಿಕೆಯಿಟ್ಟು, ತಟ್ಟೆ ಮುಂದೆ ಹಿಡಿದಳು. ಮಂತ್ರಿ ನಕ್ಕ. "ಹಲ್ಲಿಲ್ಲ ತಾಯಿ, ಮನೆಗೆ ಒಯ್ಯುತ್ತೇನೆ" ಎಂದು ಎಲೆಯನ್ನು ಬುಟ್ಟಿಗೆ ಹಾಕಿಸಿದ. ಪಕ್ಕದ ಮನೆಯವರೂ ಕೊಟ್ಟರು, ಅದರಾಚೆಯವರೂ ಕೊಟ್ಟರು. ಮಾರುವುದಿಲ್ಲವೆಂದು ಆಣೆಯಿಟ್ಟವರೇ ಎಲ್ಲರೂ, ಮಾರಲಿಲ್ಲ ನಿಜ. ಮರುದಿನ ಅವನು ಮುಂದಿನ ಊರಿಗೆ ಹೋದ. ಬೆಣ್ಣೆಯಿಂದ ಕೂದಲು ತೆಗೆದಂತೆ ಕೆಲಸ ಮುಗಿಯಿತು.

ವೀಳ್ಯದ ದಿನ ಮಗ ಕೈಕಟ್ಟಿಯೇ ನಿಂತಿದ್ದ. ಅರಸ ಎದುರಿಗೆ ಬಂದಾಗ ಎಲೆಯ ವಾಸನೆ ಮೂಗಿಗೆ ಬಡಿಯಿತು. ಆ ಖಾರ ಅವನು ಹುಟ್ಟಿದಂದಿನಿಂದ ಬಲ್ಲದ್ದು, ತನ್ನ ಮನೆಯ ತೋಟದ್ದು. ಅವ್ವನೇ ಕೊಟ್ಟ ಮೇಲೆ ಇನ್ನೇನು ಎಂದುಕೊಂಡ. ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಹೋದವನು ತಿರುಗಿ ಬರಲಿಲ್ಲ.

ಕತೆ ಮುಗಿಯಿತು. ಗುರುಪಾದನಿಗೆ ಸಂಕಟವಾಯಿತು. "ಪಾಪ, ಅವಳ ತಪ್ಪೇನು? ಮನೆಗೆ ಬಂದವರಿಗೆ ಎಲೆ ಕೊಡದೆ ಕಳಿಸಲಾದೀತೇ?" ಎಂದ.

ಗುರುಗಳು ಕಣ್ಣು ಮುಚ್ಚಿಕೊಂಡೇ ಹೇಳಿದರು: "ನಾಳೆ ದಂಡಿನ ದಳವಾಯಿ ಆಶೀರ್ವಾದ ಬೇಡಿ ನಮ್ಮ ಮಠಕ್ಕೇ ಬರುತ್ತಾನಂತೆ, ತಟ್ಟೆಯಲ್ಲಿ ಏನಿಡಬೇಕೆಂದು ನೀನೇ ಹೇಳು."